ನೋಟದ ದಿನದ ಮುಖ

ನಮ್ಮಕ್ಕ ಸುಗಂಧಿಯನ್ನು ಅವಳ ನೋಟದ ದಿನ ನಗಿಸಿದವಳು ನಾನೇ. ಆಗ ನನಗೆ ಹತ್ತೊಂಬತ್ತು, ಅವಳಿಗೆ ಇಪ್ಪತ್ತಮೂರು. ನಮ್ಮೂರಿನ ನೋಟದ ಮನೆ ಹಳೇ ಕೆರೆಯ ಏರಿಯ ಕೆಳಗಿದೆ. ಇರುವುದು ಒಂದೇ ಕೋಣೆ. ನಡುವೆ ಗೋಡೆಯಿಂದ ಗೋಡೆಗೆ ಕಂದು ಬಣ್ಣದ ದಪ್ಪ ಪರದೆ, ಪೂರ್ವಕ್ಕೆ ಒಂದು ಕಿಟಕಿ, ಎರಡು ಕಡೆಗೂ ಒಂದೊಂದು ಬಾಗಿಲು. ಗಂಡು ಆಚೆ, ಹೆಣ್ಣು ಈಚೆ ಮಣೆಯ ಮೇಲೆ ಕೂತಿರಬೇಕು. ಬೆಳಗಿನ ಬಿಸಿಲು ಕಿಟಕಿಯ ಮೂರನೇ ಸರಳನ್ನು ದಾಟಿದಾಗ ಪರದೆ ಎತ್ತುತ್ತಾರೆ. ಆ ಗಳಿಗೆಯಲ್ಲಿ ಒಬ್ಬರಿಗೊಬ್ಬರು ಕಂಡ ಮುಖವೇ ಮುಖ. ಮದುವೆಯಾದ ಮೇಲೆ ಗಂಡನ ಕಣ್ಣಿಗೆ ಹೆಂಡತಿ, ಹೆಂಡತಿಯ ಕಣ್ಣಿಗೆ ಗಂಡ, ಸಾಯುವ ತನಕ ಆ ಮುಖದಲ್ಲೇ ಇರುತ್ತಾರೆ. ಬೇರೆಯವರಿಗೆ ಅವರು ಎಲ್ಲರ ಹಾಗೆ ಸೊರಗುತ್ತಾರೆ, ಹಣ್ಣಾಗುತ್ತಾರೆ, ಅಳುತ್ತಾರೆ. ಅವರಿಬ್ಬರಿಗೆ ಮಾತ್ರ ಅದು ಕಾಣುವುದಿಲ್ಲ.

ಹೀಗಾಗಿ ನಮ್ಮಲ್ಲಿ ಹುಡುಗಿಗೆ ಅಡುಗೆ ಕಲಿಸುವುದಕ್ಕಿಂತ ಮುಂಚೆ ಮುಖ ಕೂರಿಸುವುದನ್ನು ಕಲಿಸುತ್ತಾರೆ. ನಮ್ಮ ಅಪ್ಪನ ಅಕ್ಕ ಸಾಕಮ್ಮತ್ತೆಯ ಕಸುಬೇ ಅದು. ನೋಟಕ್ಕೆ ಒಂದು ತಿಂಗಳಿರುವಾಗ ಹುಡುಗಿಯರನ್ನು ಅವಳ ಬಳಿ ಬಿಡುತ್ತಿದ್ದರು. ಕಣ್ಣು ಕೆಳಗೆ ಹಾಕಬಾರದು, ಹಾಕಿದರೆ ಗಂಡನಿಗೆ ಜನ್ಮಪೂರ್ತಿ ರೆಪ್ಪೆಯೇ ಕಾಣುತ್ತದೆ. ಹಲ್ಲು ಕಾಣಬಾರದು, ಹುಬ್ಬು ಗಂಟಾಗಬಾರದು. ಆಗಷ್ಟೇ ಒಳ್ಳೆಯ ಸುದ್ದಿ ಕೇಳಿ ಇನ್ನೂ ಯಾರಿಗೂ ಹೇಳದವಳ ಹಾಗೆ ಇರಬೇಕು. ಅತ್ತೆ ಇದನ್ನು ಒಂದು ತಾಮ್ರದ ತಟ್ಟೆಯ ಮುಂದೆ ಕೂರಿಸಿ ಗಂಟೆಗಟ್ಟಲೆ ಮಾಡಿಸುತ್ತಿದ್ದಳು. ಗಂಡಸರೂ ತಮ್ಮ ಮಟ್ಟಿಗೆ ತಯಾರಾಗುತ್ತಿದ್ದರು. ಎಣ್ಣೆ ಗಾಣದ ರುದ್ರಯ್ಯನಿಗೆ ನೋಟದ ದಿನ ಮೂಗಿನ ತುದಿಯಲ್ಲಿ ಕುರು ಎದ್ದಿತ್ತು. ಅವನ ಹೆಂಡತಿ ಅರವತ್ತು ದಾಟಿದ ಮೇಲೂ ಅದಕ್ಕೆ ಸುಣ್ಣ ಹಚ್ಚಲು ಬರುತ್ತಾಳೆಂದು ಅಂಗಡಿಕಟ್ಟೆಯವರು ನಗುತ್ತಿದ್ದರು. ಒಳ್ಳೆಯ ಗಂಡಂದಿರು ಸಂಜೆ ಮನೆಗೆ ಬಂದ ಕೂಡಲೇ ಹೆಂಡತಿಯ ಕೆನ್ನೆಯ ಮೇಲೆ ಅಂಗೈ ಆಡಿಸುತ್ತಿದ್ದರು, ಒದ್ದೆಯಾಗಿದೆಯೋ ಇಲ್ಲವೋ ಎಂದು.

ಅಕ್ಕನ ನೋಟದ ದಿನ ಅತ್ತೆ ಹೊರಗೆ ನಿಂತು ಬಿಸಿಲು ನೋಡುತ್ತಿದ್ದಳು. ನಾನು ಅಕ್ಕನ ಪಕ್ಕದಲ್ಲಿ ಸೆರಗು ಸರಿಮಾಡುತ್ತಾ ಕೂತಿದ್ದೆ. ಅವಳ ಕೈ ತಣ್ಣಗಿತ್ತು, ಮುಖ ಸುಣ್ಣ ಬಳಿದ ಹಾಗಿತ್ತು. ಹೀಗೇ ಪರದೆ ಎತ್ತಿದರೆ ಗತಿಯೇನು ಎಂದು ನನಗೆ ದಿಗಿಲಾಯಿತು. ಪರದೆಯ ಕೆಳಗೆ ಒಂದು ಗೇಣು ಸಂದಿ ಇತ್ತು. ಅದರಲ್ಲಿ ಗಂಡಿನ ಪಾದಗಳು ಕಂಡವು. ಗಾಬರಿಯಲ್ಲಿ ಒಂದು ಕಾಲಿಗೆ ಕರಿ ಕಾಲುಚೀಲ, ಇನ್ನೊಂದಕ್ಕೆ ಹಸಿರು ಗೆರೆಯದ್ದು ಹಾಕಿಕೊಂಡು ಬಂದಿದ್ದ.

"ಅಕ್ಕಾ, ಕೆಳಗೆ ನೋಡೇ," ಎಂದೆ ಪಿಸುದನಿಯಲ್ಲಿ. "ನಿನ್ ಗಂಡನ ಎರಡು ಕಾಲೂ ಬೇರೆ ಬೇರೆ ಮನೇಲಿ ಹುಟ್ಟಿದಾವೆ."

ಅಕ್ಕ ನೋಡಿದಳು. ತಡೆಯಲಾಗಲಿಲ್ಲ. ಅವಳು ತಲೆ ಹಿಂದೆ ಹಾಕಿ, ಹಲ್ಲೆಲ್ಲ ಕಾಣುವಂತೆ, ಕಣ್ಣು ಸಣ್ಣದಾಗಿ ನೀರು ಬರುವಂತೆ ನಕ್ಕಳು. ಅದೇ ಹೊತ್ತಿಗೆ ಅತ್ತೆ ಒಳಗೆ ಬಂದು ಪರದೆ ಎತ್ತಿಬಿಟ್ಟಳು. ಆಚೆ ಕೂತಿದ್ದ ನಾಗಭೂಷಣ ಬಾಯಿ ತೆರೆದು ಬೆರಗಾಗಿ ಅವಳನ್ನೇ ನೋಡುತ್ತಿದ್ದ. ಅತ್ತೆ ನನ್ನ ಬೆನ್ನಿಗೆ ಗುದ್ದಿದಳು. ಆದರೆ ಊರಲ್ಲಿ ಅದು ದೊಡ್ಡ ಮಾತಾಯಿತು. ತಾಮ್ರದ ತಟ್ಟೆಯ ನಗುವಲ್ಲ, ನಿಜವಾದ ನಗು. ಅಂಥ ನೋಟ ಐವತ್ತು ವರ್ಷದಲ್ಲಿ ಆಗಿಲ್ಲ ಎಂದರು. ಭಾವನಿಗೆ ಬಸ್ ನಿಲ್ದಾಣದ ಎದುರು ಹೊಲಿಗೆಯ ಅಂಗಡಿ ಇತ್ತು. ಮದುವೆಯಾದ ಹೊಸದರಲ್ಲಿ ಅವನು ದಿನಕ್ಕೆ ನಾಲ್ಕು ಸಲ ಏನಾದರೂ ನೆಪ ಹೇಳಿ ಮನೆಗೆ ಹೋಗಿ ಬರುತ್ತಿದ್ದನಂತೆ, ಬರೀ ನೋಡುವುದಕ್ಕೆ. ಅಕ್ಕನೂ ಸುಖವಾಗಿದ್ದಳು. "ನಿಮ್ ಭಾವ ಸಿಟ್ಟು ಮಾಡ್ಕೊಂಡಾಗ್ಲೂ ನಂಗೆ ಬಾಯಿ ಬಿಟ್ಕೊಂಡು ಬೆರಗಾದಂಗೇ ಕಾಣ್ತಾರೆ ಕಣೇ. ಹೆಂಗೆ ಜಗಳ ಆಡೋದು ಹೇಳು," ಎನ್ನುತ್ತಿದ್ದಳು.

ನಾನು ಓದುವುದಕ್ಕೆ ಹೊರಗೆ ಹೋದೆ. ಪದವಿ ಮುಗಿಸಿ ಬರುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು. ಹಾಸ್ಟೆಲಿನಲ್ಲಿ ಯಾರೊಂದಿಗೂ ಹೆಚ್ಚು ಬೆರೆಯದೆ ಇದ್ದವಳು ನಾನು. ಮಾತಿಲ್ಲದ ಕಡೆ ಕೂತು ಮುಖ ನೋಡುವ ಚಟ ಆಗಲೇ ಹತ್ತಿತ್ತು. ಆ ಊರಲ್ಲಿ ಗಂಡ ಹೆಂಡಿರು ಒಬ್ಬರ ಮುಖ ಒಬ್ಬರು ನೋಡಿ ಮಾತು ನಿಲ್ಲಿಸುತ್ತಿದ್ದರು, ಮಾತು ಬದಲಿಸುತ್ತಿದ್ದರು. ನನಗೆ ಅದು ಸೋಜಿಗವಾಗಿತ್ತು. ಊರಿಗೆ ಬಂದು ಅತ್ತೆಯ ಕೆಲಸಕ್ಕೆ ಕೈ ಜೋಡಿಸಿದೆ. ಬೇರೆ ಕೆಲಸ ನಮ್ಮೂರಲ್ಲಿ ಇರಲಿಲ್ಲ.

ನಾನು ಬಂದ ವರ್ಷವೇ ಅಕ್ಕನಿಗೆ ಏಳನೇ ತಿಂಗಳಲ್ಲಿ ಮಗು ಹೋಯಿತು. ಗಂಡು ಮಗು. ಆಸ್ಪತ್ರೆಯಲ್ಲಿ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಭಾವ ಅಂಗಡಿಯಿಂದ ಓಡಿ ಬಂದ, ಕುತ್ತಿಗೆಯಲ್ಲಿ ಅಳತೆ ಪಟ್ಟಿ ಹಾಗೇ ಇತ್ತು. ಅವಳ ಹೆಗಲು ಹಿಡಿದು ತನ್ನ ಕಡೆ ತಿರುಗಿಸಿಕೊಂಡ. ಆಮೇಲೆ ಬೆಂಕಿ ಮುಟ್ಟಿದವನ ಹಾಗೆ ಕೈ ಹಿಂದೆ ತೆಗೆದು ಹೊರಗೆ ನಡೆದುಬಿಟ್ಟ. ನಾನು ಹೋಗಿ ನೋಡಿದಾಗ ಮೆಟ್ಟಿಲ ಮೇಲೆ ಕೂತಿದ್ದ.

"ಅವಳು ಅಳ್ತಿದಾಳೆ ಅಂತ ಗೊತ್ತು ಚಂಪಾ," ಎಂದ. "ಕಿವಿಗೆ ಕೇಳ್ತಿದೆ. ಕಣ್ಣು ಬಿಟ್ರೆ ನಗ್ತಿದಾಳೆ. ಸತ್ತ ಮಗೂನ ಪಕ್ಕದಲ್ಲಿ ಮಲಗಿಸ್ಕೊಂಡು ನಗ್ತಿದಾಳೆ. ಅವಳ ತಪ್ಪಲ್ಲ ಅಂತ ಗೊತ್ತು. ಕಣ್ಣಿಗೆ ಹೆಂಗೆ ಹೇಳ್ಲಿ?"

ಆ ದಿನದಿಂದ ಭಾವ ಅಕ್ಕನಿಗೆ ಬೆನ್ನು ಹಾಕಿ ಕೂತು ಮಾತಾಡುವುದನ್ನು ಕಲಿತ. ಮನೆಯ ಹೊಲಿಗೆ ಮಿಷಿನ್ನನ್ನು ಗೋಡೆಗೆ ಮುಖವಾಗಿ ಇಟ್ಟುಕೊಂಡ. ಅವನ ಮಾತಿನಲ್ಲಿ ಬಿರುಸು ಇರಲಿಲ್ಲ, ಬಹಳ ಜೋಪಾನವಾಗಿಯೇ ಮಾತಾಡುತ್ತಿದ್ದ. ದನಿ ಕೇಳಿದರೆ ಅವಳು ಅವಳೇ ಆಗಿರುತ್ತಾಳೆ ಎನ್ನುತ್ತಿದ್ದ. ಅಕ್ಕನಿಗೆ ಮಾತ್ರ ಅವನ ಬೆನ್ನೇ ಉಳಿಯಿತು. ಅವಳು ನಿಧಾನವಾಗಿ ಮಾತು ಕಡಿಮೆ ಮಾಡಿದಳು. ಮಾತೂ ಇಲ್ಲದ ಮೇಲೆ ಅವನಿಗೆ ಅವಳ ಬಗ್ಗೆ ತಿಳಿಯುವ ದಾರಿಯೇ ಇಲ್ಲವಾಯಿತು. ಆಗ ಭಾವ ನನ್ನನ್ನು ಕೇಳಲು ಶುರು ಮಾಡಿದ. ಪ್ರತಿ ಭಾನುವಾರ ನಾನು ಅವರ ಮನೆಗೆ ಊಟಕ್ಕೆ ಹೋಗುತ್ತಿದ್ದೆ. ಕೈ ತೊಳೆಯಲು ಹಿತ್ತಿಲಿಗೆ ಬಂದಾಗ ಹಿಂದೆಯೇ ಬಂದು, "ಇವತ್ತು ಅವಳ ಮುಖ ಹೆಂಗಿದೆ?" ಎನ್ನುತ್ತಿದ್ದ. ನಾನು ಹೇಳುತ್ತಿದ್ದೆ. ರಾತ್ರಿ ನಿದ್ದೆ ಮಾಡಿದ ಹಾಗಿಲ್ಲ ಭಾವ. ಇವತ್ತು ಗೆಲುವಾಗಿದಾಳೆ. ಯಾಕೋ ನೊಂದ ಹಾಗಿದೆ, ಏನಾದ್ರೂ ಅಂದ್ರಾ? ಅವನು ತಲೆ ಆಡಿಸುತ್ತಿದ್ದ, ನಾನು ಹೇಳಿದ್ದಕ್ಕೆ ತಕ್ಕ ಹಾಗೆ ಹೂವನ್ನೋ ಮಾತ್ರೆಯನ್ನೋ ತರುತ್ತಿದ್ದ. ಹೀಗೆ ಮೂರು ವರ್ಷ ನಾನು ಅವನಿಗೆ ಕಣ್ಣಾಗಿದ್ದೆ. ನಮ್ಮೂರಲ್ಲಿ ಇಂಥದ್ದು ಹೊಸದಲ್ಲ, ಬಹಳ ಮನೆಗಳಲ್ಲಿ ಒಬ್ಬ ನಾದಿನಿಯೋ ನೆರೆಯವಳೋ ಇಂಥ ಕೆಲಸಕ್ಕೆ ಇರುತ್ತಾಳೆ.

ಅವರ ಮದುವೆಯ ಏಳನೇ ವರ್ಷದ ಬೇಸಿಗೆಯಲ್ಲಿ ಅಕ್ಕ ಬಿಳಿಚಿಕೊಂಡಳು. ಮೊದಮೊದಲು ಬಿಸಿಲು ಎಂದಳು. ಬಳೆಗಳು ಮೊಣಕೈ ತನಕ ಜಾರುತ್ತಿದ್ದುದರಿಂದ ಹಳೆಯವನ್ನು ಎತ್ತಿಟ್ಟು ಸಣ್ಣ ಅಳತೆಯ ಬಳೆ ಹಾಕಿಸಿಕೊಂಡಳು. ಒಂದು ದಿನ ನನ್ನನ್ನು ಆಸ್ಪತ್ರೆಗೆ ಕರೆದಳು. ನಮ್ಮೂರ ಆಸ್ಪತ್ರೆಯಲ್ಲಿ ಮದುವೆಯಾದವರ ಜೊತೆ ಗಂಡನೋ ಹೆಂಡತಿಯೋ ಬಂದರೆ ಸಾಲದು, ಮುಖ ಕಾಣುವ ಇನ್ನೊಬ್ಬರು ಬರಬೇಕು. ಎಂದಿನಿಂದ ಹೀಗೆ ಬಾಡಿದ್ದಾರೆ, ಎಂದಿನಿಂದ ಕಣ್ಣು ಒಳಗೆ ಹೋಗಿದೆ ಎಂಬುದನ್ನು ಅವರೇ ಹೇಳಬೇಕು. ಪರ ಊರಿಂದ ಬಂದ ಡಾಕ್ಟರಮ್ಮ ಅಷ್ಟು ಹೊತ್ತಿಗೆ ಇದಕ್ಕೆಲ್ಲ ಒಗ್ಗಿಹೋಗಿದ್ದರು. ನನ್ನನ್ನು ಕೇಳಿ ಬರೆದುಕೊಂಡರು, ಅಕ್ಕನನ್ನು ಪರೀಕ್ಷಿಸಿದರು. ಗರ್ಭಕೋಶದಲ್ಲಿ ಗಡ್ಡೆ ಇದೆ, ಕೆಟ್ಟ ಗಡ್ಡೆಯ ಹಾಗೆ ಕಾಣುತ್ತದೆ, ಕೋಶವನ್ನೇ ತೆಗೆಯಬೇಕು, ಈ ತಿಂಗಳೇ ತೆಗೆದರೆ ಉಳಿಯುತ್ತಾರೆ ಎಂದರು. ಗಂಡನ ರುಜು ಬೇಕು ಎಂದು ಒಂದು ಕಾಗದ ಕೊಟ್ಟರು.

ಅಕ್ಕ ಆ ಕಾಗದವನ್ನು ದಾರಿಯಲ್ಲೇ ನಾಲ್ಕು ಮಡಿಕೆ ಮಾಡಿ ನನ್ನ ಕೈಯಲ್ಲಿಟ್ಟಳು. ಇಬ್ಬರೂ ಏರಿಯ ಮೇಲೆ ಕೂತೆವು.

"ಭಾವಂಗೆ ಹೇಳ್ಬೇಡ," ಎಂದಳು.

"ತಲೆ ಕೆಟ್ಟಿದೆಯಾ ನಿಂಗೆ?"

"ಎರಡು ತಿಂಗಳು ಟೈಮ್ ಕೊಡು ಚಂಪಿ. ಈ ಸಲ ಬಸಿರು ನಿಲ್ಲತ್ತೆ ಅನ್ಸತ್ತೆ. ಒಂದು ಮಗು ಆದ್ರೆ ಸಾಕು, ಆಮೇಲೆ ಏನ್ ಬೇಕಾದ್ರೂ ತೆಗೀಲಿ."

"ಮಗು ಯಾಕೆ ಬೇಕೇ ಈಗ? ನೀನು ಇದ್ರೆ ತಾನೇ ಮಗು?"

ಅಕ್ಕ ಕೆರೆಯ ಕಡೆ ತಿರುಗಿದಳು. "ಮಗೂಗೆ ನನ್ ಮುಖ ಕಾಣತ್ತೆ," ಎಂದಳು. "ನಾನು ಅತ್ರೆ ಅದೂ ಅಳತ್ತೆ. ಆ ಮನೇಲಿ ಒಬ್ರಿಗಾದ್ರೂ ನಾನು ಕಾಣ್ಬೇಕು ಕಣೇ. ಏಳು ವರ್ಷದಿಂದ ನಗ್ತಾನೇ ಇದೀನಿ."

ಅವಳು ನನ್ನನ್ನು ದೂರಲಿಲ್ಲ. ಕಾಲುಚೀಲದ ಮಾತು ಎತ್ತಲಿಲ್ಲ. ಎತ್ತಿದ್ದರೆ ನಾನು ಅವಳನ್ನು ಎದುರಿಸುತ್ತಿದ್ದೆನೋ ಏನೋ. ಎತ್ತದೇ ಇದ್ದುದರಿಂದ ನಾನು ಒಪ್ಪಿದೆ. ಅವಳಿಗೆ ನಾನು ಏನೋ ಕೊಡಬೇಕಾಗಿದೆ ಎಂದು ಎಷ್ಟೋ ವರ್ಷದಿಂದ ನನ್ನೊಳಗೆ ಇತ್ತು. ಅವಳು ಕೇಳಿದ್ದು ಎರಡು ತಿಂಗಳು, ಕೊಟ್ಟುಬಿಟ್ಟೆ.

ಆ ಭಾನುವಾರ ಹಿತ್ತಿಲಿನಲ್ಲಿ ಭಾವ ಕೇಳಿದ. "ಹೆಂಗಿದೆ ಅವಳ ಮುಖ?"

"ಚೆನ್ನಾಗಿದಾಳೆ," ಎಂದೆ. "ಬಿಸಿಲಿಗೆ ಸ್ವಲ್ಪ ಕಪ್ಪಾಗಿದಾಳೆ, ಅಷ್ಟೇ."

ಅವನು ಚೊಂಬಿನಿಂದ ನನ್ನ ಕೈಗೆ ನೀರು ಹಾಕುತ್ತಿದ್ದ. ಸ್ವಲ್ಪ ಹೊತ್ತು ನನ್ನನ್ನು ನೋಡಿದ. ನೀರು ಅಂಗೈ ತುಂಬಿ ಮಣ್ಣಿಗೆ ಹರಿಯಿತು. "ಸರಿ," ಎಂದು ಒಳಗೆ ಹೋದ.

ಮುಂದಿನ ಭಾನುವಾರವೂ ಚೆನ್ನಾಗಿದಾಳೆ ಎಂದೆ. ಅದರ ಮುಂದಿನ ಭಾನುವಾರ ಅಕ್ಕ ಗೋಡೆ ಹಿಡಿದುಕೊಂಡು ಅಡುಗೆಮನೆಯಿಂದ ಬಂದಳು. ತುಟಿಗೆ ಬಣ್ಣವೇ ಇರಲಿಲ್ಲ. ಅವಳು ಬಡಿಸುತ್ತಾ ನನ್ನ ಕಡೆ ನೋಡಿದಾಗ ನಾನು ಅನ್ನ ಕಲಸಲು ತಲೆ ತಗ್ಗಿಸಿದೆ. ಹಿತ್ತಿಲಿಗೆ ಬಂದಾಗ ಇವತ್ತು ಹೇಳಿಬಿಡಬೇಕು ಎಂದುಕೊಂಡಿದ್ದೆ. ಭಾವ ಕೇಳಿದ. "ಗೆಲುವಾಗಿದಾಳೆ," ಎಂಬ ಮಾತು ನನ್ನ ಬಾಯಿಂದ ತಾನಾಗಿ ಬಂತು. ಸುಳ್ಳು ಒಂದು ಸಲ ಹೇಳಿದ ಮೇಲೆ ಮುಂದಿನದ್ದಕ್ಕೆ ಪ್ರಯತ್ನವೇ ಬೇಕಾಗುವುದಿಲ್ಲ. ಡಾಕ್ಟರಮ್ಮ ಎರಡು ಸಲ ಆಯಾಳನ್ನು ನಮ್ಮ ಮನೆಗೆ ಕಳಿಸಿದರು. ಅಕ್ಕ ಬೇರೆ ಊರಲ್ಲಿ ತೋರಿಸುತ್ತಿದ್ದಾಳೆ ಎಂದು ನಾನೇ ಹೇಳಿ ಸಾಗಹಾಕಿದೆ.

ಒಂಬತ್ತನೇ ವಾರ ಅಕ್ಕ ಬಚ್ಚಲಲ್ಲಿ ಬಿದ್ದಳು. ಆಸ್ಪತ್ರೆಗೆ ಸೇರಿಸಿದ ಮೂರನೇ ದಿನ ಮಧ್ಯಾಹ್ನ ಹೋದಳು. ಹೊಟ್ಟೆಯಲ್ಲಿ ಮಗು ಇರಲಿಲ್ಲ. ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಮ್ಮಲ್ಲಿ ಗಂಡನನ್ನು ಒಳಗೆ ಬಿಡುವ ಮುಂಚೆ ಸತ್ತವಳ ಮುಖಕ್ಕೆ ಒದ್ದೆ ಬಟ್ಟೆ ಹೊದಿಸುತ್ತಾರೆ. ಅತ್ತೆಯೇ ಹೊದಿಸಿದಳು. ಭಾವ ಬಂದು, ಬಾಗಿಲಲ್ಲೇ ನಿಂತು, ಬಟ್ಟೆ ತೆಗೆಯಿರಿ ಎಂದ. ಬೇಡಪ್ಪ ಎಂದು ಅತ್ತೆ ಕೈ ಮುಗಿದಳು. ಅವನು ತಾನೇ ತೆಗೆದ. ಅಲ್ಲಿ ಅವನಿಗೆ ಏನು ಕಂಡಿತೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಮಗೆ ಕಾಣುತ್ತಿದ್ದುದು ಹಲ್ಲು ಕಚ್ಚಿ, ಕೆನ್ನೆ ಒಳಗೆ ಹೋದ, ಮೂವತ್ತಕ್ಕೆ ಅರವತ್ತಾಗಿದ್ದ ಒಂದು ಮುಖ. ಅವನು ಬಟ್ಟೆಯನ್ನು ಮತ್ತೆ ಹೊದಿಸಿ, ಅಂಚನ್ನು ನೀಟಾಗಿ ಮಡಿಸಿ, ಹೊರಗೆ ಹೋದ.

ವರ್ಷ ಕಳೆದ ಮೇಲೆ ಮನೆಯಲ್ಲಿ ನನ್ನನ್ನು ಭಾವನಿಗೆ ಕೊಡುವ ಮಾತು ಶುರುವಾಯಿತು. ಅಂಥ ಕಡೆ ಅಂಥದ್ದು ಶುರುವಾಗಿಯೇ ಆಗುತ್ತದೆ. "ಮನೆ ಗೊತ್ತಿರೋ ಹುಡುಗಿ, ಮನುಷ್ಯ ಗೊತ್ತಿರೋನು. ಇವಳಿಗೂ ಇಪ್ಪತ್ತೇಳಾಯ್ತು," ಎಂದಳು ಅವ್ವ. ಅಪ್ಪ ಬಾವಿಯ ಹಗ್ಗ ಸುತ್ತಿಡುತ್ತಿದ್ದ. ಅತ್ತೆ ಮಾತ್ರ, "ಏಳು ವರ್ಷ ನೋಡಿದಾನಲ್ಲ ಇವಳನ್ನ, ಆ ನೋಟ ಲೆಕ್ಕಕ್ಕಿಲ್ಲ ಬಿಡು. ಪರದೆ ಎತ್ತಿದ್ಮೇಲೆ ಕಂಡಿದ್ದೇ ಲೆಕ್ಕ," ಎಂದು ತಾಮ್ರದ ತಟ್ಟೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿಟ್ಟಳು. ಭಾವ ಒಪ್ಪಿದನಂತೆ. ನಾನೂ ಒಪ್ಪಿದೆ. ಯಾಕೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ನನ್ನ ಬಳಿ ಇದ್ದುದು ಇಷ್ಟೇ. ಅವನಿಗೆ ನಿಜ ಹೇಳಬೇಕಾಗಿತ್ತು. ಪರದೆ ಎತ್ತುವ ಮುಂಚೆ, ಬೇಡ ಎಂದು ಎದ್ದು ಹೋಗಲು ಅವನಿಗೆ ಅವಕಾಶ ಇರುವಾಗಲೇ ಹೇಳಬೇಕಾಗಿತ್ತು. ಅದಕ್ಕೆ ನನಗೆ ಬೇರೆ ಜಾಗ ತೋಚಲಿಲ್ಲ.

ನೋಟದ ದಿನ ನಾನು ಮಣೆಯ ಮೇಲೆ ಕೂತೆ. ಪಕ್ಕದಲ್ಲಿ ಕೂರಲು ನನಗೆ ತಂಗಿ ಇರಲಿಲ್ಲ. ಅತ್ತೆ ನನ್ನ ಗಲ್ಲ ಹಿಡಿದು ಎತ್ತಿ, "ನೀನೇ ನೂರು ಹುಡುಗೀರಿಗೆ ಕಲಿಸಿದೀಯ, ನಿಂಗೇನ್ ಹೇಳೋದು," ಎಂದು ಹೊರಗೆ ಬಿಸಿಲು ನೋಡಲು ಹೋದಳು. ಆಚೆ ಮಣೆ ಕಿರುಗುಟ್ಟಿತು. ಸಂದಿಯಲ್ಲಿ ನಾನು ನೋಡಲಿಲ್ಲ.

"ಭಾವ," ಎಂದೆ. "ಒಂದು ಮಾತು ಹೇಳ್ಬೇಕು."

"ಹೇಳು."

"ಅಕ್ಕಂಗೆ ಏನಾಗಿದೆ ಅಂತ ನಂಗೆ ಮೊದಲೇ ಗೊತ್ತಿತ್ತು. ಡಾಕ್ಟರಮ್ಮ ಕಾಗದ ಕೊಟ್ಟಿದ್ರು, ನಿಮ್ ರುಜುಗೆ. ಇನ್ನೂ ನನ್ ಪೆಟ್ಟಿಗೇಲಿ ಇದೆ. ನೀವು ಪ್ರತಿ ವಾರ ಕೇಳ್ತಿದ್ರಿ. ನಾನು ಪ್ರತಿ ವಾರ ಸುಳ್ಳು ಹೇಳ್ದೆ."

ಬಿಸಿಲು ಎರಡನೇ ಸರಳಿನ ಮೇಲಿತ್ತು.

"ಗೊತ್ತು," ಎಂದ ಭಾವ.

"ಯಾರು ಹೇಳಿದ್ರು? ಡಾಕ್ಟರಮ್ಮ ಹೇಳಿದ್ರಾ?"

"ಯಾರೂ ಹೇಳ್ಲಿಲ್ಲ. ನೀನು ಮೊದಲನೇ ದಿನ ಹೇಳಿದೆಯಲ್ಲ, ಚೆನ್ನಾಗಿದಾಳೆ ಅಂತ. ಅವತ್ತೇ ಗೊತ್ತಾಯ್ತು." ಅವನ ದನಿ ಬಟ್ಟೆಯ ಅಳತೆ ಹೇಳುವಾಗಿನಂತೆ ಸಮನಾಗಿತ್ತು. "ನಂಗೆ ಅವಳ ಮುಖ ಕಾಣ್ತಿರ್ಲಿಲ್ಲ ಚಂಪಾ. ನಿನ್ ಮುಖ ಕಾಣ್ತಿತ್ತು. ಮೂರು ವರ್ಷ ಅದನ್ನೇ ನೋಡಿದೀನಿ. ಅವಳಿಗೆ ಹೆಂಗಿದೆ ಅಂತ ನೀನು ಬಾಯಿ ಬಿಡೋದಕ್ಕೆ ಮುಂಚೇನೇ ನಂಗೆ ತಿಳೀತಿತ್ತು. ಅವತ್ತು ನೀರು ಹಾಕ್ತಾ ನೋಡ್ದೆ. ನಿನ್ ತುಟಿ ನಡುಗ್ತಿತ್ತು."

ನಾನು ತುಟಿಗೆ ಬೆರಳು ಒತ್ತಿಕೊಂಡೆ. ಅವನೇ ಮುಂದುವರಿಸಿದ.

"ಆ ಎರಡು ತಿಂಗಳಲ್ಲಿ ಅವಳ ರವಿಕೇನ ಎರಡು ಸಲ ಒಳಕ್ಕೆ ಹಿಡಿದು ಹೊಲಿದೀನಿ. ಅವಳು ಕೇಳ್ಲಿಲ್ಲ, ನಾನೇ ತಗೊಂಡು ಹೊಲಿದಿಟ್ಟೆ. ಮೊದಲನೇ ಸಲ ಒಂದೂವರೆ ಇಂಚು. ಎರಡನೇ ಸಲ ಎರಡು. ಅಳತೆ ಗೊತ್ತಿರೋನಿಗೆ ಇನ್ನೇನ್ ಹೇಳ್ಬೇಕು?"

"ಮತ್ತೆ ಯಾಕೆ ಸುಮ್ನಿದ್ರಿ?"

"ನೀನು ಚೆನ್ನಾಗಿದಾಳೆ ಅಂತಿದ್ದೆ. ಒಳಗೆ ಹೋದ್ರೆ ಅವಳು ನಗ್ತಿದ್ಲು." ಆಚೆ ಮಣೆ ಮತ್ತೆ ಕಿರುಗುಟ್ಟಿತು. "ಮಗು ಹೋದಾಗ ಆ ನಗು ನೋಡಿ ನಾನು ಹೊರಗೆ ಓಡಿದೆ. ಈ ಸಲ ಅದರ ಹಿಂದೆ ಬಚ್ಚಿಟ್ಕೊಂಡೆ. ಕೇಳಿದ್ರೆ ನಿಜ ಆಗಿಬಿಡ್ತಿತ್ತು."

ಹೊರಗೆ ಯಾರೋ ಕೆಮ್ಮಿದರು. ಬಿಸಿಲು ಮೂರನೇ ಸರಳಿಗೆ ಬಂದಿತ್ತು. ನಾನು ಒಂದು ವರ್ಷ ಹೊತ್ತುಕೊಂಡು ತಿರುಗಿದ ಪಾಪ ಬರೀ ನನ್ನದಾಗಿತ್ತು, ಅದರಲ್ಲೊಂದು ಬಗೆಯ ಜಂಬವೂ ಇತ್ತೆಂದು ಆಗ ತಿಳಿಯಿತು. ಈಗ ಅದು ಅರ್ಧಕ್ಕೆ ಇಳಿದಿತ್ತು. ಹಗುರವಾಗಬೇಕಿತ್ತು, ಆಗಲಿಲ್ಲ. ಅಕ್ಕ ಗೋಡೆ ಹಿಡಿದು ನಡೆದು ಬಂದು ಇಬ್ಬರಿಗೂ ಬಡಿಸುತ್ತಿದ್ದಳು. ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಉಣ್ಣುತ್ತಿದ್ದೆವು.

"ಎದ್ದು ಹೋಗು ಚಂಪಾ," ಎಂದ ಭಾವ. "ಬಾಗಿಲು ನಿನ್ ಕಡೆಗೂ ಇದೆ. ಹುಡುಗ ಬೇಡ ಅಂದ ಅಂತ ನಾನು ಹೇಳ್ತೀನಿ."

"ಮುಖ ನೆಟ್ಟಗಿಟ್ಕೊಳಮ್ಮಾ," ಎಂದು ಅತ್ತೆ ಹೊರಗಿನಿಂದ ಕೂಗಿ ಹೇಳಿದಳು. "ಬಿಸಿಲು ಬಂತು."

ನಾನು ಎದ್ದೆ. ಬಾಗಿಲಿಗೆ ನಾಲ್ಕು ಹೆಜ್ಜೆ ಇತ್ತು. ಹೊರಗೆ ಹೋದರೆ ಇನ್ಯಾರದೋ ಎದುರು ಕೂತು, ತಟ್ಟೆಯ ಮುಂದೆ ಕಲಿತ ಮುಖ ಇಟ್ಟುಕೊಂಡು, ಆ ಮುಖದ ಹಿಂದೆ ಮರೆತು ಬದುಕಬಹುದಿತ್ತು. ಅವನೂ ಹಾಗೆಯೇ ಯಾರನ್ನಾದರೂ ತರುತ್ತಿದ್ದ. ಪರದೆಯ ಹಗ್ಗ ಗೋಡೆಯ ಗೂಟಕ್ಕೆ ಸುತ್ತಿತ್ತು. ಅದನ್ನು ಹೆಣ್ಣು ಮುಟ್ಟುವುದು ಪದ್ಧತಿಯಲ್ಲ. ಅತ್ತೆ ಒಳಗೆ ಬರುವಷ್ಟರಲ್ಲಿ, ಮುಖ ಕೂರಿಸಿಕೊಳ್ಳದೆ, ನಾನೇ ಬಿಚ್ಚಿ ಎಳೆದೆ.

ನಮಗೆ ಮದುವೆಯಾಗಿ ಈಗ ಒಂಬತ್ತು ವರ್ಷ. ಆರು ವರ್ಷದ ಮಗಳಿದ್ದಾಳೆ. ಅವರು ಒಳ್ಳೆಯ ಮನುಷ್ಯ, ಮನೆಯಲ್ಲಿ ದನಿ ಎತ್ತಿದ್ದಿಲ್ಲ. ಮಿಷಿನ್ನನ್ನು ನಡುಮನೆಯ ಕಡೆಗೆ ತಿರುಗಿಸಿ ಇಟ್ಟಿದ್ದಾರೆ, ನನಗೆ ಬೆನ್ನು ಹಾಕಿ ಎಂದೂ ಕೂತವರಲ್ಲ. ನಿನ್ನೆ ಊಟಕ್ಕೆ ಕೂತಾಗ ಅಂಗಡಿಗೆ ಬಂದ ಯಾರೋ ದಪ್ಪ ಗಿರಾಕಿಯ ಕಥೆ ಹೇಳುತ್ತಿದ್ದರು. ಮಗಳು ಬಿದ್ದು ಬಿದ್ದು ನಕ್ಕಳು. "ಅಮ್ಮಾ, ಅಪ್ಪ ಹೆಂಗ್ ನಗ್ತಿದಾರೆ ನೋಡೇ, ಕಣ್ಣಲ್ಲಿ ನೀರು ಬರ್ತಿದೆ," ಎಂದಳು.

ತಲೆ ಎತ್ತಿ ನೋಡಿದೆ. ನಗುವಿನ ಸದ್ದು ಕೇಳುತ್ತಿತ್ತು. ಕಂಡಿದ್ದು ಮಾತ್ರ, ಎದ್ದು ಹೋಗು ಎಂದು ಹೇಳಿ, ಹೋಗುತ್ತಾಳೋ ಇಲ್ಲವೋ ಎಂದು ಪರದೆಯ ಹಿಂದೆ ಕಾದು ಕೂತವನ ಮುಖ. ಅವರೂ ನನ್ನ ಕಡೆ ನೋಡಿದರು. ಅವರಿಗೆ ಏನು ಕಾಣುತ್ತದೆಂದು ನನಗೆ ಗೊತ್ತು.

"ಹೌದು ಕಣೇ, ನಗ್ತಿದಾರೆ," ಎಂದು ಮಗಳ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ.